ನಿದ್ದೆ ಕೆಡುತ್ತಿದೆಯೇ? ಶ್ವಾಸಕೋಶದ ಕಡೆಗೂ ಗಮನ ಕೊಡಿ



ಹಾಲು ಉತ್ಪಾದಕರ ದಿನಚರಿ ಊರಿನ ಉಳಿದವರ ದಿನಚರಿಯಂತಲ್ಲ. ಬೆಳಿಗ್ಗೆ ಆರು ಗಂಟೆಯ ಹೊತ್ತಿಗೆ ಸಂಘಕ್ಕೆ ಹಾಲು ಹಾಕಬೇಕಾದರೆ ನಾಲ್ಕೂವರೆಗೆ ಏಳಲೇಬೇಕು. ಸಗಣಿ ಬಾಚಿ, ಕೊಟ್ಟಿಗೆ ಗುಡಿಸಿ, ಕೆಚ್ಚಲು ತೊಳೆದು ಹಾಲು ಕರೆಯುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಹೀಗಾಗಿ ನಮ್ಮಲ್ಲಿ ಯಾರಿಗಾದರೂ ಮೂರು ಗಂಟೆಗೋ ಮೂರೂವರೆಗೋ ಎಚ್ಚರವಾದರೆ ಅದನ್ನು ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲ. ಹಾಲು ಕರೆಯುವವರಿಗೆ ಎಚ್ಚರ ತಾನಾಗಿಯೇ ಆಗುತ್ತದೆ ಎಂದು ಸುಮ್ಮನಾಗುತ್ತೇವೆ. ಎದ್ದ ಕೂಡಲೇ ಅರ್ಧ ಗಂಟೆ ಕೆಮ್ಮಿದರೆ ಅದು ಇಬ್ಬನಿಯ ಗಾಳಿ, ಎದೆಯಲ್ಲಿ ಗೊರಗೊರ ಎಂದರೆ ಅದು ಶೀತದ ಮೈ, ಕೊಟ್ಟಿಗೆಯಿಂದ ಸಂಘದವರೆಗೆ ಕ್ಯಾನು ಹೊತ್ತು ನಡೆಯುವಾಗ ದಮ್ಮು ಬಂದರೆ ಅದು ವಯಸ್ಸು.

ಅಭ್ಯಾಸದಿಂದ ಆಗುವ ಎಚ್ಚರ ಬೇರೆ, ಉಸಿರು ಸಾಲದೆ ಆಗುವ ಎಚ್ಚರ ಬೇರೆ. ಮೊದಲನೆಯದರಲ್ಲಿ ಮೈ ಹಗುರವಾಗಿರುತ್ತದೆ, ಎದೆ ಸುಮ್ಮನಿರುತ್ತದೆ. ಎರಡನೆಯದರಲ್ಲಿ ಕೆಮ್ಮೋ, ಉಬ್ಬಸವೋ, ಎದೆ ಬಿಗಿತವೋ, ಎದ್ದು ಕುಳಿತುಕೊಳ್ಳಬೇಕೆನ್ನುವ ತಳಮಳವೋ ಜೊತೆಗಿರುತ್ತದೆ. ಈ ಎರಡನೆಯ ಎಚ್ಚರವನ್ನು ಮೊದಲನೆಯದೆಂದು ತಿಳಿದು ವರ್ಷಗಟ್ಟಲೆ ಕಳೆದವರ ಶ್ವಾಸಕೋಶ ಸದ್ದಿಲ್ಲದೆ ಸವೆಯುತ್ತಾ ಹೋಗುತ್ತದೆ. ಹಾಗೆ ಸವೆದ ಭಾಗ ಮರಳಿ ಬರುವುದಿಲ್ಲ. ಆದುದರಿಂದ ಇವೆರಡರ ಭೇದವನ್ನು ತಿಳಿಯುವುದು ಅಗತ್ಯ.

ರಾತ್ರಿ ಹೊತ್ತಿನ ಉಸಿರಾಟ

ನಾವು ದಿನವೊಂದಕ್ಕೆ ಸುಮಾರು 10,000 ಲೀಟರ್ ಗಾಳಿಯನ್ನು ಒಳಗೆಳೆದು ಹೊರಬಿಡುತ್ತೇವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ 5,000 ಲೀಟರ್ ಹಿಡಿಯುವ ಎರಡು ಬಲ್ಕ್ ಕೂಲರುಗಳು ತುಂಬುವಷ್ಟು. ಈ ಗಾಳಿ ಕವಲೊಡೆದ ನಾಳಗಳ ಮೂಲಕ ಕೋಟ್ಯಂತರ ಪುಟ್ಟ ಗಾಳಿಚೀಲಗಳನ್ನು ತಲುಪುತ್ತದೆ. ಅಲ್ಲಿ ಆಮ್ಲಜನಕ ರಕ್ತಕ್ಕೆ ಸೇರಿ, ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಎಚ್ಚರವಿರುವಾಗ ಈ ಕೆಲಸಕ್ಕೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳು, ಕತ್ತಿನ ಸ್ನಾಯುಗಳು, ಎದೆ ಮತ್ತು ಹೊಟ್ಟೆಯ ನಡುವೆ ಇರುವ ವಪೆ, ಎಲ್ಲವೂ ಕೈಜೋಡಿಸುತ್ತವೆ. ನಿದ್ದೆಯಲ್ಲಿ ಇವು ಸಡಿಲವಾಗುತ್ತವೆ. ಕನಸು ಬೀಳುವ ನಿದ್ದೆಯಲ್ಲಂತೂ ಹೆಚ್ಚುಕಡಿಮೆ ವಪೆಯೊಂದೇ ಇಡೀ ಭಾರ ಹೊರಬೇಕು. ಈ ಕನಸಿನ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು. ಇದರ ಜೊತೆಗೆ ಶ್ವಾಸನಾಳಗಳಿಗೆ ತಮ್ಮದೇ ಒಂದು ದಿನಚರಿಯಿದೆ. ಸಂಜೆ ನಾಲ್ಕರ ಸುಮಾರಿಗೆ ಅವು ಅತ್ಯಂತ ಅಗಲವಾಗಿಯೂ, ಬೆಳಗಿನ ಜಾವ ನಾಲ್ಕರ ಸುಮಾರಿಗೆ ಅತ್ಯಂತ ಕಿರಿದಾಗಿಯೂ ಇರುತ್ತವೆ. ನಾಳಗಳನ್ನು ಹಿಗ್ಗಿಸುವ, ಊತವನ್ನು ತಗ್ಗಿಸುವ ದೇಹದ ಸ್ವಂತ ರಸಗಳು ನಡುರಾತ್ರಿಯಲ್ಲಿ ಕಡಿಮೆಯಾಗುವುದು ಇದಕ್ಕೆ ಒಂದು ಕಾರಣ.

ಆರೋಗ್ಯವಂತರಿಗೆ ಈ ಏರಿಳಿತ ಗೊತ್ತೇ ಆಗುವುದಿಲ್ಲ. ಅಸ್ತಮಾ ಇರುವವರಲ್ಲಿ ಇದು ಹಲವು ಪಟ್ಟು ದೊಡ್ಡದಾಗಿ, ನಾಳಗಳು ಸೀಟಿ ಹೊಡೆಯುವಷ್ಟು ಕಿರಿದಾಗುತ್ತವೆ. ವಿಚಿತ್ರವೆಂದರೆ ನಾಳಗಳು ಕಿರಿದಾಗುವ ಹೊತ್ತೂ ನಾವು ಹಾಲು ಕರೆಯಲು ಏಳುವ ಹೊತ್ತೂ ಒಂದೇ. ಪಟ್ಟಣದ ಗುಮಾಸ್ತನಿಗೆ ನಾಲ್ಕು ಗಂಟೆಗೆ ಉಬ್ಬಸದಿಂದ ಎಚ್ಚರವಾದರೆ ಅವನು ಮಾರನೆಯ ದಿನವೇ ವೈದ್ಯರಲ್ಲಿಗೆ ಹೋಗುತ್ತಾನೆ. ನಾವು ಎದ್ದು ಕೊಟ್ಟಿಗೆಗೆ ಹೋಗುತ್ತೇವೆ. ಎಂಟು ಗಂಟೆಯ ಹೊತ್ತಿಗೆ ನಾಳಗಳು ಒಂದಿಷ್ಟು ತೆರೆದುಕೊಂಡು ಉಸಿರು ಸಲೀಸಾಗುವುದರಿಂದ ವಿಷಯ ಅಲ್ಲಿಗೇ ಮರೆತುಹೋಗುತ್ತದೆ.

ಎಚ್ಚರವಾಗುವ ಬಗೆ ನೋಡಿ

ನಿದ್ದೆ ಹೇಗೆ ಮುರಿಯುತ್ತದೆ ಎಂಬುದರಿಂದಲೇ ಕಾಯಿಲೆಯ ಸುಳಿವು ಸಿಗುತ್ತದೆ.

ಬೆಳಗಿನ ಜಾವದಲ್ಲಿ ಒಣಕೆಮ್ಮು, ಎದೆಯಲ್ಲಿ ಸುಂಯ್ ಸದ್ದು, ಹಗಲು ಬಹುಪಾಲು ಆರಾಮ, ಧೂಳು ಅಥವಾ ಮೋಡದ ದಿನ ಹೆಚ್ಚಳ: ಇದು ಅಸ್ತಮಾ ಇರಬಹುದು. ಮಕ್ಕಳಲ್ಲಿ ಸೀಟಿಯ ಸದ್ದಿಲ್ಲದೆ ಬರೀ ರಾತ್ರಿ ಕೆಮ್ಮಾಗಿಯೂ ಕಾಣಿಸಬಹುದು.

ವರ್ಷಗಳಿಂದ ಬೆಳಗಿನ ಕಫ, ನಡೆದರೆ ದಮ್ಮು, ವರ್ಷ ವರ್ಷಕ್ಕೆ ನಡೆಯಬಲ್ಲ ದೂರ ಕಡಿಮೆಯಾಗುವುದು, ಎದ್ದಾಗ ತಲೆಭಾರ: ಇದು ಹಳ್ಳಿಗಳಲ್ಲಿ ಗೂರಲು ಎಂದು ಕರೆಯುವ, ವೈದ್ಯರು ಸಿ.ಓ.ಪಿ.ಡಿ. ಎನ್ನುವ ಕಾಯಿಲೆಯ ಲಕ್ಷಣ. ಇದರಲ್ಲಿ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುತ್ತವೆ, ಗಾಳಿಚೀಲಗಳು ಹರಿದು ಒಂದಾಗುತ್ತವೆ. ರಾತ್ರಿ ರಕ್ತದ ಆಮ್ಲಜನಕ ಇಳಿಯುವುದರಿಂದ ನಿದ್ದೆ ತುಂಡುತುಂಡಾಗುತ್ತದೆ.

ಜೋರಾದ ಗೊರಕೆ, ನಡುವೆ ಇದ್ದಕ್ಕಿದ್ದಂತೆ ಉಸಿರು ನಿಂತಂತಾಗಿ ಮತ್ತೆ ಗಕ್ಕನೆ ಎಳೆದುಕೊಳ್ಳುವುದು, ಹಗಲಲ್ಲಿ ಕುಳಿತಲ್ಲೇ ತೂಕಡಿಕೆ: ಇಲ್ಲಿ ಕೆಟ್ಟಿರುವುದು ಶ್ವಾಸಕೋಶವಲ್ಲ, ಗಂಟಲು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಗೊಂಡು ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು, ಇನ್ನೂ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ. ಒಂದು ರಾತ್ರಿಯಲ್ಲಿ ಇದು ನೂರಾರು ಬಾರಿ ಆಗಬಹುದು, ಆದರೆ ಮಲಗಿದವರಿಗೆ ಬೆಳಿಗ್ಗೆ ನೆನಪಿರುವುದಿಲ್ಲ. ಇದನ್ನು ಹೇಳಬೇಕಾದವರು ಪಕ್ಕದಲ್ಲಿ ಮಲಗುವವರು. ನಮ್ಮಲ್ಲಿ ಗೊರಕೆ ಎಂದರೆ ಗಾಢ ನಿದ್ದೆಯ ಗುರುತೆಂದು ನಗುವ ರೂಢಿಯಿದೆ. ಈ ಬಗೆಯ ಗೊರಕೆಯವರಿಗೆ ನಿಜವಾದ ನಿದ್ದೆಯೇ ಇಲ್ಲ. ರಕ್ತದೊತ್ತಡ ಏರುತ್ತದೆ. ಅಂಥವರು ತೂಕಡಿಸುತ್ತಾ ಮೇವು ಕತ್ತರಿಸುವ ಯಂತ್ರಕ್ಕೆ ಹುಲ್ಲು ಕೊಡುವುದು ಎಷ್ಟು ಅಪಾಯವೆಂದು ಬಿಡಿಸಿ ಹೇಳಬೇಕಾಗಿಲ್ಲ. ಗೂರಲೂ ಈ ಗೊರಕೆಯೂ ಒಬ್ಬರಲ್ಲೇ ಕೂಡಿದರೆ ತೊಂದರೆ ಇಮ್ಮಡಿ.

ಮಲಗಿದ ಒಂದೆರಡು ಗಂಟೆಯಲ್ಲಿ ಉಸಿರು ಕಟ್ಟಿ ಎದ್ದು ಕಿಟಕಿಯ ಬಳಿ ಕೂರಬೇಕೆನಿಸುವುದು, ಎರಡು ಮೂರು ದಿಂಬು ಏರಿಸಿದರಷ್ಟೇ ನಿದ್ದೆ, ಪಾದಗಳಲ್ಲಿ ಊತ: ಇದು ಹೃದಯದ ತೊಂದರೆ ಇರಬಹುದು. ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ತೂಕ ಇಳಿಕೆ: ಕಫ ಪರೀಕ್ಷೆ ಮಾಡಿಸಿ. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಕೆಮ್ಮಿಲ್ಲದೆ ಬರೀ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು ಇದ್ದು, ನಿಮ್ಮ ಹಸು ಎಮ್ಮೆಗಳಲ್ಲಿ ಕಂದು ಹಾಕಿದ್ದು ಉಂಟಾದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಬ್ರುಸೆಲ್ಲಾ ರೋಗ ದನದಿಂದ ಮನುಷ್ಯರಿಗೆ ಬರುತ್ತದೆ. ಹಸಿ ಹಾಲು ಕುಡಿಯಬಾರದೆಂದು ಪಶುವೈದ್ಯರು ಹೇಳುವುದು ಇದಕ್ಕಾಗಿಯೂ ಹೌದು.

ಬಣವೆಯಲ್ಲಿ ಅಡಗಿರುವ ಕಾಯಿಲೆ

ಈಗ ನಮ್ಮ ಕಸುಬಿಗೇ ಸೇರಿದ ವಿಷಯ. 1700ರಲ್ಲಿ ಇಟಲಿಯ ರಾಮಜ್ಜಿನಿ ಎಂಬ ವೈದ್ಯರು ಕಸುಬಿನಿಂದ ಬರುವ ಕಾಯಿಲೆಗಳ ಬಗ್ಗೆ ಗ್ರಂಥ ಬರೆದಾಗಲೇ ಕಾಳು ಜರಡಿಯಾಡುವವರ ದಮ್ಮಿನ ಪ್ರಸ್ತಾಪ ಮಾಡಿದ್ದರು. 1932ರಲ್ಲಿ ಇಂಗ್ಲೆಂಡಿನ ಕ್ಯಾಂಪ್‌ಬೆಲ್ ಎಂಬ ವೈದ್ಯರು ಬೂಸಲು ಹಿಡಿದ ಹುಲ್ಲನ್ನು ಕೈಯಾಡಿಸಿದ ರೈತರಿಗೆ ಬಂದ ಉಸಿರಾಟದ ತೊಂದರೆಯನ್ನು ವಿವರಿಸಿದರು. ಇದಕ್ಕೆ ರೈತರ ಶ್ವಾಸಕೋಶ ರೋಗ ಎಂದೇ ಹೆಸರಾಯಿತು. 1963ರಲ್ಲಿ ಜ್ಯಾಕ್ ಪೆಪಿಸ್ ಮತ್ತು ಸಂಗಡಿಗರು ಇದರ ಮೂಲವನ್ನು ಪತ್ತೆ ಮಾಡಿದರು.

ಹಸಿಯಾಗಿ ಒಟ್ಟಿದ ಹುಲ್ಲಿನ ಬಣವೆ ಒಳಗೆ ಬಿಸಿಯಾಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಕೈಹಾಕಿ ಕಿತ್ತರೆ ಹಬೆಯಾಡುತ್ತದೆ. ಈ ಬಿಸಿಯಲ್ಲೇ ಚೆನ್ನಾಗಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳಿವೆ. ಆಮೇಲೆ ಹುಲ್ಲು ಒಣಗಿ, ಅದನ್ನು ಕಿತ್ತು ಕೊಡವಿದಾಗ ಬಿಳಿಯ ಧೂಳಾಗಿ ಹಾರುವುದು ಇವುಗಳ ಬೀಜಕಣ. ಇವು ಎಷ್ಟು ಸಣ್ಣವೆಂದರೆ ಮೂಗು ಗಂಟಲುಗಳಲ್ಲಿ ನಿಲ್ಲದೆ ನೇರವಾಗಿ ಗಾಳಿಚೀಲವನ್ನೇ ಸೇರುತ್ತವೆ. ಕೆಲವರ ದೇಹ ಇವುಗಳನ್ನು ಕಂಡರೆ ಆಗದೆ ಸೆಣಸಾಟಕ್ಕೆ ಇಳಿಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಸಮಯ. ಧೂಳು ಕುಡಿದ ಕೂಡಲೇ ಏನೂ ಆಗುವುದಿಲ್ಲ. ನಾಲ್ಕರಿಂದ ಎಂಟು ಗಂಟೆಗಳ ಬಳಿಕ ಚಳಿ, ಜ್ವರ, ಮೈಕೈ ನೋವು, ಒಣಕೆಮ್ಮು, ಎದೆ ಬಿಗಿತ ಶುರುವಾಗುತ್ತವೆ. ಮಧ್ಯಾಹ್ನ ಬಣವೆ ಕಿತ್ತವರಿಗೆ ರಾತ್ರಿ ನಿದ್ದೆಗೆಡುತ್ತದೆ. ಹಾಗಾಗಿ ಹುಲ್ಲಿಗೂ ಜ್ವರಕ್ಕೂ ಇರುವ ನಂಟು ಹೊಳೆಯುವುದೇ ಇಲ್ಲ. ಫ್ಲೂ ಎಂದೋ ಮಲೇರಿಯಾ ಎಂದೋ ಮಾತ್ರೆ ನುಂಗುತ್ತಾರೆ. ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ, ಮಾತ್ರೆಯಿಂದ ವಾಸಿಯಾಯಿತೆಂದು ತಿಳಿಯುತ್ತಾರೆ. ಮತ್ತೆ ಬಣವೆ ಕೀಳುತ್ತಾರೆ, ಮತ್ತೆ ಜ್ವರ. ಹೀಗೆ ವರ್ಷಗಟ್ಟಲೆ ಆದರೆ ಶ್ವಾಸಕೋಶದಲ್ಲಿ ಗಾಯದ ಕಲೆಯಂತೆ ನಾರು ಕಟ್ಟಿ ಅದು ಗಡುಸಾಗುತ್ತದೆ. ಆ ಹಂತ ತಲುಪಿದ ಮೇಲೆ ಹಿಂದಕ್ಕೆ ತರುವುದು ಸಾಧ್ಯವಿಲ್ಲ.

ನಮ್ಮ ಬಯಲುಸೀಮೆಯಲ್ಲಿ ಹುಲ್ಲು ಸಾಮಾನ್ಯವಾಗಿ ಚೆನ್ನಾಗಿಯೇ ಒಣಗುತ್ತದೆ. ರಾಗಿ ಕೊಯ್ಲಿನ ಹೊತ್ತಿಗೆ ಚಂಡಮಾರುತದ ಮಳೆ ಹಿಡಿದ ವರ್ಷಗಳಲ್ಲಿ ಮಾತ್ರ ಎಚ್ಚರ ಬೇಕು. ಮಲೆನಾಡಿನವರಿಗೆ ಪ್ರತಿ ವರ್ಷವೂ ಬೇಕು. ಒದ್ದೆ ಮೆದೆಯನ್ನು ಒಟ್ಟುವ ಮೊದಲು ಇನ್ನೆರಡು ಬಿಸಿಲು ಕಾಣಿಸಿ. ಬಣವೆಯ ಅಡಿಗೆ ಕಲ್ಲು ಅಥವಾ ಮರದ ಅಟ್ಟಣೆ ಇರಲಿ. ಬೂಸಲು ಹುಲ್ಲನ್ನು ಕೊಟ್ಟಿಗೆಯ ಒಳಗೆ ಕೊಡವಬೇಡಿ. ಬಯಲಿನಲ್ಲಿ, ಗಾಳಿ ನಿಮ್ಮ ಬೆನ್ನಿನಿಂದ ಬೀಸುವಂತೆ ನಿಂತು ಕೊಡವಿ, ಸಾಧ್ಯವಾದರೆ ನೀರು ಚಿಮುಕಿಸಿ. ಹಿಂಡಿ, ಬೂಸಾ ಚೀಲವನ್ನು ಮೇಲಿನಿಂದ ಸುರಿಯಬೇಡಿ. ತಲೆಯ ಟವಲನ್ನು ಮೂಗಿಗೆ ಸುತ್ತಿಕೊಂಡರೆ ದಪ್ಪ ಧೂಳು ತಡೆಯುತ್ತದೆಯೇ ಹೊರತು ಈ ಬೀಜಕಣಗಳು ದಾಟಿ ಹೋಗುತ್ತವೆ. ಕೊರೋನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಮುಖಗವಸನ್ನು ಈ ಕೆಲಸಕ್ಕೆ ಬಳಸಬಹುದು.

ಪೂರಾ ಬೂಸಲು ಹಿಡಿದ ಮೇವನ್ನು ದನಕ್ಕೆ ಹಾಕದೆ ತಿಪ್ಪೆಗೆ ಹಾಕುವುದೇ ಲೇಸು. ಬೂಸಲು ಹಿಡಿದ ಹಿಂಡಿ, ಕಾಳುಗಳಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷವಂತೂ ಹಾಲಿಗೂ ಇಳಿಯುತ್ತದೆ.

ಒಲೆ, ಬೀಡಿ, ಸೊಳ್ಳೆಬತ್ತಿ

ಗೂರಲು ರೋಗ ಬೀಡಿ ಸೇದುವ ಗಂಡಸರದ್ದು ಎಂಬ ಭಾವನೆ ಹಳೆಯದು, ತಪ್ಪು ಕೂಡ. ಒಂದು ದಿನವೂ ಬೀಡಿ ಮುಟ್ಟದ ಹೆಣ್ಣುಮಕ್ಕಳಿಗೆ ಇದು ಒಲೆಯ ಹೊಗೆಯಿಂದ ಬರುತ್ತದೆ. ಮೈಸೂರು ಜಿಲ್ಲೆಯ ಹಳ್ಳಿಗಳ ಮಹಿಳೆಯರಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದಕ್ಕೊಂದು ಸರಳ ಲೆಕ್ಕ ಕೊಟ್ಟಿದೆ. ದಿನಕ್ಕೆ ಎಷ್ಟು ಗಂಟೆ ಸೌದೆ ಬೆರಣಿ ಒಲೆಯ ಮುಂದೆ ಕೂರುತ್ತೀರೋ ಅದನ್ನು ಎಷ್ಟು ವರ್ಷ ಕೂತಿದ್ದೀರೋ ಅದರಿಂದ ಗುಣಿಸಿ. ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಕಫ ಕೆಮ್ಮಿನ ಕಾಯಿಲೆಯ ಅಪಾಯ ಗಣನೀಯವಾಗುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡಿಗೆ ಮಾಡಿದರೆ ಅರವತ್ತು. ಇಪ್ಪತ್ತನೆಯ ವಯಸ್ಸಿಗೆ ಒಲೆ ಹಿಡಿದ ಸೊಸೆ ನಲವತ್ತಕ್ಕೆ ಅಲ್ಲಿಗೆ ಬಂದಿರುತ್ತಾಳೆ. ಸದಸ್ಯೆಯರು ತಮ್ಮ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕೆಂದು ಕೋರಿಕೆ.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಹಳ ಮನೆಗಳಿಗೆ ಗ್ಯಾಸ್ ಬಂದಿರುವುದು ನಿಜ. ಆದರೂ ಬಚ್ಚಲ ಹಂಡೆಗೆ, ಮುದ್ದೆ ಎಸರಿಗೆ ಸೌದೆಯೇ ಬೇಕೆನ್ನುವ ಮನೆಗಳು ಕಡಿಮೆಯಿಲ್ಲ. ಬೆರಣಿಯ ಹೊಗೆ ಸೌದೆಯ ಹೊಗೆಗಿಂತ ಕೆಟ್ಟದ್ದು. ಅದೇ ಸಗಣಿಯನ್ನು ಗೋಬರ್ ಗ್ಯಾಸಿಗೆ ಹಾಕಿದರೆ ಹೊಗೆಯಿಲ್ಲದ ಉರಿಯೂ ಸಿಗುತ್ತದೆ, ಗೊಬ್ಬರವೂ ಉಳಿಯುತ್ತದೆ. ಒಂದು ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ 25 ಕಿಲೋ ಸಗಣಿ, ಅಂದರೆ ಎರಡು ಮೂರು ರಾಸು ಸಾಕು. ಇದಾಗದಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಂತೆ ಹೊಗೆಕೊಳವೆ ಇರುವ ಒಲೆಯಾದರೂ ಇರಲಿ, ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಆಗಾಗ ತೆಗೆಯಿರಿ.

ಸಂಜೆ ದನಗಳಿಗೆ ಸೊಳ್ಳೆ ಕಾಟವೆಂದು ಬೇವಿನ ಸೊಪ್ಪಿನ ಹೊಗೆ ಹಾಕುವುದು ಒಳ್ಳೆಯ ಉದ್ದೇಶದ ಕೆಲಸ. ಆದರೆ ಕೊಟ್ಟಿಗೆ ಮನೆಗೆ ಅಂಟಿಕೊಂಡಿದ್ದರೆ ಆ ಹೊಗೆ ರಾತ್ರಿಯಿಡೀ ಮಲಗುವ ಕೋಣೆಯಲ್ಲಿ ನಿಲ್ಲುತ್ತದೆ. ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚುವುದು ಇನ್ನೂ ಕೆಟ್ಟದ್ದು: ಒಂದು ಬತ್ತಿ ಪೂರ್ತಿ ಉರಿದಾಗ ಹೊರಬೀಳುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟಿಗೆ ಸಮವೆಂದು 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತಿಳಿಸಿದೆ. ಸೊಳ್ಳೆ ಪರದೆಗೆ ಇದಾವ ಕಾಟವೂ ಇಲ್ಲ. ಗಂಜಲ ನಿಂತ ಕೊಟ್ಟಿಗೆಯ ಘಾಟು ಕೂಡ ಶ್ವಾಸನಾಳವನ್ನು ಕೆರಳಿಸುತ್ತದೆ. ಕಾಲುವೆ ಇಳಿಜಾರಾಗಿದ್ದು, ಗೋಡೆಯ ಮೇಲ್ಭಾಗದಲ್ಲಿ ಗಾಳಿಗಂಡಿ ಇದ್ದರೆ ದನಕ್ಕೂ ಒಳ್ಳೆಯದು, ನಿಮಗೂ ಒಳ್ಳೆಯದು.

ಬೀಡಿಯ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. ಅದು ಸಿಗರೇಟಿಗಿಂತ ಸೌಮ್ಯವಲ್ಲ. ಆರದಂತೆ ಪದೇ ಪದೇ ಜೋರಾಗಿ ಎಳೆಯಬೇಕಾದ್ದರಿಂದ ಹೊಗೆ ಹೆಚ್ಚೇ ಒಳಸೇರುತ್ತದೆ. ಯಾವ ವಯಸ್ಸಿನಲ್ಲಿ ಬಿಟ್ಟರೂ ಶ್ವಾಸಕೋಶ ಸವೆಯುವ ವೇಗ ಕಡಿಮೆಯಾಗುತ್ತದೆ ಎಂಬುದು 1977ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ತೋರಿಸಿಕೊಟ್ಟ ಸಂಗತಿ. ಬಿಡಲು ನೆರವು ಬೇಕಾದವರು 1800-11-2356 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ನಿದ್ದೆ ಮಾತ್ರೆ ಬೇಡ

ನಿದ್ದೆ ಬರುವುದಿಲ್ಲವೆಂದು ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನುಂಗುವುದು, ಸ್ವಲ್ಪ ಕುಡಿದು ಮಲಗುವುದು ಎರಡೂ ಇಲ್ಲಿ ಅಪಾಯಕರ. ಎರಡೂ ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲಗೊಳಿಸುತ್ತವೆ, ಉಸಿರು ಸಾಲದಾದಾಗ ಎಬ್ಬಿಸುವ ದೇಹದ ಕಾವಲನ್ನೇ ಮಲಗಿಸುತ್ತವೆ. ದಮ್ಮಿಗೆಂದು ಕೊಡುವ ಥಿಯೊಫಿಲಿನ್ ಜಾತಿಯ ಮಾತ್ರೆಗಳಿಂದ ಕೆಲವರಿಗೆ ಎದೆಬಡಿತ ಹೆಚ್ಚಿ ನಿದ್ದೆ ಕೆಡುವುದೂ ಉಂಟು. ಅದನ್ನು ವೈದ್ಯರ ಗಮನಕ್ಕೆ ತನ್ನಿ.

ಇನ್‌ಹೇಲರ್ ಕೊನೆಯ ಔಷಧಿ, ಹಿಡಿದರೆ ಬಿಡಿಸಲಾಗದ ಚಟ ಎಂಬ ಮಾತು ಹಳ್ಳಿಗಳಲ್ಲಿ ಬೇರೂರಿದೆ. ವಾಸ್ತವವಾಗಿ ಅದೇ ಮೊದಲ ಔಷಧಿ. ಔಷಧಿ ಹೊಟ್ಟೆಗೆ, ರಕ್ತಕ್ಕೆ ಸುತ್ತದೆ ನೇರವಾಗಿ ನಾಳಕ್ಕೆ ಬೀಳುವುದರಿಂದ ಮಾತ್ರೆಯ ಪ್ರಮಾಣದ ಅತ್ಯಲ್ಪ ಭಾಗ ಸಾಕಾಗುತ್ತದೆ. ಅಸ್ತಮಾದವರು ಉಬ್ಬಸ ಬಂದಾಗ ಮಾತ್ರ ಎಳೆದುಕೊಳ್ಳುವ ಪರಿಹಾರದ ಇನ್‌ಹೇಲರ್ ಒಂದನ್ನೇ ನೆಚ್ಚಬಾರದು. ಊತ ತಗ್ಗಿಸುವ ಔಷಧಿಯೂ ಬೇಕು. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ.

ನಾವು ಹಾಲಿನವರಾದ್ದರಿಂದ ಇನ್ನೊಂದು ಮಾತು. ಹಾಲು ಕುಡಿದರೆ ಕಫ ಕಟ್ಟುತ್ತದೆಂದು ಕೆಮ್ಮಿನವರಿಗೆ, ಮಕ್ಕಳಿಗೆ ಹಾಲು ನಿಲ್ಲಿಸುವುದುಂಟು. ಆಸ್ಟ್ರೇಲಿಯಾದಲ್ಲಿ ನಡೆಸಿ 1990ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನೆಗಡಿಯ ವೈರಸ್ ತಗುಲಿಸಿಕೊಂಡ ಸ್ವಯಂಸೇವಕರು ಎಷ್ಟು ಹಾಲು ಕುಡಿದರೆಂಬುದಕ್ಕೂ ಎಷ್ಟು ಸಿಂಬಳ ಬಂತೆಂಬುದಕ್ಕೂ ಸಂಬಂಧ ಕಾಣಲಿಲ್ಲ. ಹಾಲು ಎಂಜಲಿಗೆ ಬೆರೆತು ಗಂಟಲಲ್ಲಿ ಮಂದವೆನಿಸುವುದು ನಿಜ, ಅಷ್ಟೇ. ಹಾಲಿನ ಅಲರ್ಜಿ ಇರುವ ಕೆಲವರ ಮಾತು ಬೇರೆ. ಹಾಗೆಂದು ಬಿಸಿ ಹಾಲು ಉಬ್ಬಸದ ಔಷಧಿಯೆಂದೂ ನಾವು ಹೇಳುವುದಿಲ್ಲ.

ವೈದ್ಯರಲ್ಲಿಗೆ ಹೋಗುವ ಮೊದಲು

ಹಾಲಿನ ಗುಣಮಟ್ಟವನ್ನು ನಾವು ಕಣ್ಣಿನಿಂದ ಅಳೆಯುವುದಿಲ್ಲ, ಯಂತ್ರದಿಂದ ಅಳೆಯುತ್ತೇವೆ. ಶ್ವಾಸಕೋಶಕ್ಕೂ ಅಂಥದೊಂದು ಅಳತೆಯಿದೆ, ಅದರ ಹೆಸರು ಸ್ಪೈರೋಮೆಟ್ರಿ. ತುಂಬಾ ಉಸಿರೆಳೆದು ಕೊಳವೆಯೊಳಗೆ ಜೋರಾಗಿ ಊದಬೇಕು. ಊದಿದ ಒಟ್ಟು ಗಾಳಿಯ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾಗ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಮೊದಲ ಸೆಕೆಂಡಿನಲ್ಲೇ ಹೊರಬರುತ್ತದೆ, ಗೂರಲಿನವರಲ್ಲಿ ಬರುವುದಿಲ್ಲ. ಸೂಜಿಯಿಲ್ಲ, ನೋವಿಲ್ಲ. ನಲವತ್ತು ದಾಟಿದ, ಹೊಗೆ ಧೂಳಿನಲ್ಲಿ ದುಡಿದ, ಕೆಮ್ಮು ದಮ್ಮು ಇರುವ ಪ್ರತಿಯೊಬ್ಬರೂ ಇದನ್ನು ಕೇಳಿ ಮಾಡಿಸಿಕೊಳ್ಳಬೇಕು. ಆರಂಭದಲ್ಲಿ ಎಕ್ಸ್‌-ರೇ ಸರಿಯಾಗಿ ಕಂಡರೂ ಈ ಪರೀಕ್ಷೆಯಲ್ಲಿ ದೋಷ ಸಿಕ್ಕಿಬೀಳಬಹುದು.

ಅದಕ್ಕೆ ಮೊದಲು ಎರಡು ವಾರ, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ದಿನಕ್ಕೊಂದು ಸಾಲು ಬರೆಯಿರಿ. ಎಷ್ಟು ಗಂಟೆಗೆ ಎಚ್ಚರವಾಯಿತು, ಕೆಮ್ಮೋ ಉಬ್ಬಸವೋ ಬರೀ ಎಚ್ಚರವೋ, ಎದ್ದು ಕೂರಬೇಕಾಯಿತೇ, ಹಿಂದಿನ ದಿನ ಬಣವೆ ಕಿತ್ತಿರೇ, ಹಿಂಡಿ ಸುರಿದಿರೇ, ಹೊಗೆ ಹಾಕಿದಿರೇ. ಓದು ಬರಹ ಬಾರದವರು ಮಕ್ಕಳಿಂದ ಬರೆಸಬಹುದು. ನುಂಗುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಜೊತೆಗೆ ಒಯ್ಯಿರಿ, ಗೊರಕೆಯ ತೊಂದರೆಯಾದರೆ ಪಕ್ಕದಲ್ಲಿ ಮಲಗುವವರನ್ನೂ ಕರೆದೊಯ್ಯಿರಿ. ನೀವು ದನ ಸಾಕುವವರು, ಹುಲ್ಲು ಧೂಳಿನ ನಡುವೆ ಇರುವವರು ಎಂಬುದನ್ನು ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ.

ಒಂದು ವಾಕ್ಯವನ್ನು ಪೂರ್ತಿ ಆಡಲಾಗದಷ್ಟು ದಮ್ಮು, ತುಟಿ ಅಥವಾ ಉಗುರು ನೀಲಿಗಟ್ಟುವುದು, ಕಫದಲ್ಲಿ ರಕ್ತ, ಎಂದೂ ಇಲ್ಲದ ಮಂಪರು ಕಂಡರೆ ಬೆಳಗಿನ ಹಾಲು ಹಾಕಿ ಬಂದು ನೋಡೋಣವೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೆ ರೋಗಿಯನ್ನು ಮಲಗಿಸದೆ ಮುಂದಕ್ಕೆ ಬಾಗಿಸಿ ಕೂರಿಸಿ, ಕಿಟಕಿ ಬಾಗಿಲು ತೆರೆಯಿರಿ, ಹಿಂದೆ ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಇದ್ದರೆ ಕೊಡಿ. ಹಾಲು ಕರೆಯಲು ಪಕ್ಕದ ಮನೆಯವರಿಗೆ ಹೇಳಿ.